ಉದಕಮಂಡಲದ ಕೆರೆ: ಸ್ವಂತ ವಾಹನದ ಪ್ರಯಾಣಿಕರಿಗೊಂದು ಕೈಪಿಡಿ

ತಮಿಳುನಾಡಿನ ನೀಲಗಿರಿ ಜಿಲ್ಲೆಯ ಕೇಂದ್ರಸ್ಥಾನವಾದ ಉದಕಮಂಡಲವು ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಜನರ ಬಾಯಲ್ಲಿ ಅದು ಊಟಿ. ಬೆಂಗಳೂರು, ಮೈಸೂರುಗಳಿಂದ ಕಾರಿನಲ್ಲಿ ಹೊರಡುವ ಕನ್ನಡಿಗ ಕುಟುಂಬಗಳಿಗೆ ಇದಕ್ಕಿಂತ ಪರಿಚಿತವಾದ ಗಿರಿಧಾಮ ಇನ್ನೊಂದಿರಲಾರದು. ಕೇರಳಕ್ಕೋ ಕೊಯಮತ್ತೂರಿಗೋ ಹೊರಟವರು ದಾರಿಯಲ್ಲಿ ಒಂದು ಹಗಲು ತಂಗುವುದೂ ಇಲ್ಲಿಯೇ. ಅಂಥವರಲ್ಲಿ ಬಹುಪಾಲು ಜನ ಮೊದಲು ವಾಹನ ನಿಲ್ಲಿಸುವುದು ಊರಿನ ಪಶ್ಚಿಮ ಭಾಗದಲ್ಲಿರುವ ಕೆರೆಯ ಬಳಿ.

ಈ ಕೆರೆಯನ್ನು ಪ್ರಕೃತಿದತ್ತ ಸರೋವರವೆಂದು ತಿಳಿದವರೇ ಹೆಚ್ಚು. ಅದು ಹಾಗಲ್ಲ. ಇನ್ನೂರು ವರ್ಷಗಳ ಹಿಂದೆ ಏರಿ ಹಾಕಿ ಕಟ್ಟಿಸಿದ, ಅಂದಿನಿಂದ ಕುಗ್ಗುತ್ತ ಬಂದ ಕೆರೆಯಿದು. ಇದರಿಂದ ಹೊರಬೀಳುವ ನೀರು ಹರಿದು ಸೇರುವುದು ಬಂಡೀಪುರದ ಗಡಿಯಲ್ಲಿರುವ ಮೋಯಾರ್ ನದಿಯನ್ನು. ನಾವು ಯಾವ ಕಾಡನ್ನು ದಾಟಿ ಊಟಿಗೆ ಹೋಗುತ್ತೇವೆಯೋ ಆ ಕಾಡಿಗೇ ಊಟಿಯ ನೀರು ಇಳಿದು ಬರುತ್ತದೆ. ರಾತ್ರಿ ಸಂಚಾರ ನಿಷೇಧ, ಇ-ಪಾಸ್, ಪ್ಲಾಸ್ಟಿಕ್ ನಿರ್ಬಂಧ ಮೊದಲಾದ ನಿಯಮಗಳನ್ನು ಪ್ರಯಾಣಿಕರು ಕಿರಿಕಿರಿಯೆಂದು ಬಗೆಯುವುದುಂಟು. ಈ ಊರು, ಈ ಹಾದಿ ಎಷ್ಟು ಭಾರ ತಾಳಬಲ್ಲವು ಎಂಬ ಪ್ರಶ್ನೆಯೇ ಅವೆಲ್ಲದರ ಮೂಲ. ಆ ಹಿನ್ನೆಲೆಯೊಂದಿಗೆ ಪ್ರಯಾಣಿಕರು ತಿಳಿದಿರಬೇಕಾದ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಕೆರೆ ಹುಟ್ಟಿದ ಬಗೆ

ನೀಲಗಿರಿ ಪ್ರದೇಶವು ಮೈಸೂರು ಸಂಸ್ಥಾನದ ಆಡಳಿತಕ್ಕೆ ಒಳಪಟ್ಟಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಪತನಗೊಂಡು ಟಿಪ್ಪು ಸುಲ್ತಾನ್ ಮಡಿದ ನಂತರ ಅದು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಕೊಯಮತ್ತೂರಿನ ಕಲೆಕ್ಟರ್ ಆಗಿದ್ದ ಜಾನ್ ಸಲಿವನ್ 1819ರಲ್ಲಿ ಈ ಬೆಟ್ಟಗಳನ್ನು ಹತ್ತಿದನು. ಇಲ್ಲಿನ ತಂಪು ಹವೆಗೆ ಮನಸೋತು ಮೊದಲು ಕೋಟಗಿರಿಯ ಸಮೀಪ, ಬಳಿಕ ಉದಕಮಂಡಲದಲ್ಲಿ ಮನೆ ಕಟ್ಟಿಸಿದನು. ಊಟಿಯ ಮೊದಲ ಐರೋಪ್ಯ ನಿವಾಸವೆನಿಸಿದ ಆ ‘ಸ್ಟೋನ್ ಹೌಸ್’ ಈಗ ಸರ್ಕಾರಿ ಕಲಾ ಕಾಲೇಜಿನ ಆವರಣದಲ್ಲಿದೆ.

ಕೆರೆಯನ್ನು ಕಟ್ಟಿಸಿದವನೂ ಸಲಿವನ್ನನೇ. 1823ರಿಂದ 1825ರ ನಡುವೆ, ಸುತ್ತಣ ಇಳಿಜಾರುಗಳಿಂದ ಕಣಿವೆಗೆ ಹರಿದು ಬರುತ್ತಿದ್ದ ತೊರೆಗಳಿಗೆ ಅಡ್ಡಲಾಗಿ ಏರಿ ಹಾಕಿ ನೀರು ನಿಲ್ಲಿಸಲಾಯಿತು. ಆರಂಭದ ದಿನಗಳಲ್ಲಿ ಇಲ್ಲಿ ಮೀನು ಹಿಡಿಯಲಾಗುತ್ತಿತ್ತು. ಒಂದು ದಡದಿಂದ ಇನ್ನೊಂದಕ್ಕೆ ಹೋಗಲು ದೋಣಿಗಳಿದ್ದವು. ನೀರು ಉಕ್ಕಿ ಏರಿ ಒಡೆದು ಕೆರೆ ಬರಿದಾದ ಪ್ರಸಂಗಗಳೂ ಉಂಟು. ಏರಿ, ತೂಬು, ಕೋಡಿಗಳ ಪರಿಚಯವಿರುವ ಕನ್ನಡ ನಾಡಿನವರಿಗೆ ಇದರಲ್ಲಿ ಅಚ್ಚರಿಯೇನೂ ಇರಲಾರದು. ಕಟ್ಟಿದ ಕೆರೆಯನ್ನು ಹೂಳೆತ್ತಿ, ಏರಿ ಬಲಪಡಿಸಿ, ನೀರಿನ ಒಳಹರಿವನ್ನು ಕಾಪಾಡಿಕೊಳ್ಳದಿದ್ದರೆ ಅದು ಉಳಿಯದು.

ಊರಿನ ಹೆಸರು ಕೆರೆಗಿಂತ ಹಳೆಯದು. ಈ ಬೆಟ್ಟಗಳ ಮೂಲನಿವಾಸಿಗಳಾದ ತೊದವರ ವಸತಿಗಳಿಗೆ ‘ಮಂದು’ ಎನ್ನುತ್ತಾರೆ. ಒಂಟಿ ಕಲ್ಲಿದ್ದ ಮಂದು ಎಂಬರ್ಥದ ಸ್ಥಳನಾಮವೇ ಇಂಗ್ಲಿಷರ ಉಚ್ಚಾರದಲ್ಲಿ ಊಟಕಮಂಡ್ ಆಗಿ, ಕೊನೆಗೆ ಊಟಿ ಎಂದು ಮೊಟಕುಗೊಂಡಿತೆಂಬ ವಿವರಣೆ ಪ್ರಚಲಿತವಾಗಿದೆ. ಮದ್ರಾಸ್ ಪ್ರಾಂತದ ಬೇಸಿಗೆ ರಾಜಧಾನಿಯಾದ ಮೇಲೆ ಊರು ವೇಗವಾಗಿ ಬೆಳೆಯಿತು.

ಕುಗ್ಗಿದ ಕೆರೆ

ಇಂದು ನಾವು ಕಾಣುವ ಕೆರೆಯ ವಿಸ್ತೀರ್ಣ ಸುಮಾರು 65 ಎಕರೆ. ಮೂಲತಃ ಅದು ಇದಕ್ಕಿಂತ ಬಹಳ ದೊಡ್ಡದಾಗಿತ್ತು. ಈಗಿನ ಬಸ್ ನಿಲ್ದಾಣ, ಕುದುರೆ ಪಂದ್ಯದ ಮೈದಾನ ಮತ್ತು ಕೆರೆ ಉದ್ಯಾನಗಳಿರುವ ತಗ್ಗು ಪ್ರದೇಶವೆಲ್ಲ ಹಿಂದೆ ಕೆರೆಯ ಅಂಗಳವೇ ಆಗಿತ್ತು. ಬೆಂಗಳೂರಿನವರಿಗೆ ಈ ಕಥೆ ಹೊಸದಲ್ಲ. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಕೆಂಪೇಗೌಡ ಬಸ್ ನಿಲ್ದಾಣ, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ತಲೆಯೆತ್ತಿದ ಹಾಗೆಯೇ ಇಲ್ಲಿಯೂ ನಡೆದಿದೆ.

ಕುದುರೆ ಪಂದ್ಯದ ಮೈದಾನದ 52 ಎಕರೆಗೂ ಮಿಕ್ಕ ಭೂಮಿಯು ಬಹುಕಾಲ ಮದ್ರಾಸ್ ರೇಸ್ ಕ್ಲಬ್ಬಿನ ಗುತ್ತಿಗೆಯಲ್ಲಿತ್ತು. ಗುತ್ತಿಗೆ ಬಾಕಿಯ ದೀರ್ಘ ವ್ಯಾಜ್ಯದ ಬಳಿಕ 2024ರ ಜುಲೈನಲ್ಲಿ ತಮಿಳುನಾಡು ಸರ್ಕಾರ ಅದನ್ನು ವಶಕ್ಕೆ ಪಡೆಯಿತು. ಈ ಜಾಗದ ಮುಂದಿನ ಬಳಕೆಯ ಚರ್ಚೆಯಲ್ಲಿ, ಇದು ಮೂಲತಃ ನೀರು ನಿಲ್ಲುವ ಜೌಗು ಭೂಮಿ ಎಂಬ ಅಂಶ ಮತ್ತೆ ಮುನ್ನೆಲೆಗೆ ಬಂದಿದೆ. ಮಳೆಗಾಲದಲ್ಲಿ ಊರಿನ ತಗ್ಗು ಭಾಗಗಳಲ್ಲಿ ನೀರು ನಿಲ್ಲುವುದನ್ನು ಕಂಡವರಿಗೆ ಅದರ ಅರ್ಥ ಸುಲಭವಾಗಿ ಹೊಳೆಯುತ್ತದೆ.

ವಿಸ್ತೀರ್ಣಕ್ಕಿಂತ ಗಂಭೀರವಾದ ಸಮಸ್ಯೆ ನೀರಿನ ಗುಣಮಟ್ಟದ್ದು. ಪೇಟೆಯ ನಡುವೆ ಹಾದು ಬರುವ ಕೊಡಪ್ಪಮಂದು ಕಾಲುವೆಯು ಮಳೆನೀರಿನ ಜೊತೆಗೆ ಮನೆ, ಅಂಗಡಿ, ವಸತಿಗೃಹಗಳ ಕೊಳಚೆಯನ್ನೂ ಹೊತ್ತು ಕೆರೆಗೆ ಸೇರುತ್ತದೆ. ಹೂಳು ತುಂಬುವುದು, ತೇಲುವ ಜಲಕಳೆ ಹಬ್ಬುವುದು, ಬೇಸಿಗೆಯಲ್ಲಿ ದುರ್ವಾಸನೆ ಹರಡುವುದು ದಶಕಗಳ ದೂರು. ಹೂಳೆತ್ತುವ ಕಾರ್ಯ ಹಲವು ಬಾರಿ ನಡೆದಿದೆ. ಆದರೆ ಒಳಬರುವ ನೀರು ಶುದ್ಧವಾಗದ ಹೊರತು ಹೂಳೆತ್ತುವುದರಿಂದ ದೊರೆಯುವ ಪ್ರಯೋಜನ ತಾತ್ಕಾಲಿಕವಾದುದು. ಪ್ರವಾಸಿಗರ ಸಂಖ್ಯೆ ಏರಿದಂತೆಲ್ಲ ಈ ಹೊರೆಯೂ ಏರುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ.

ನೀರು ಹರಿಯುವ ದಾರಿ

ಕೆರೆಯಿಂದ ಹೊರಬಿದ್ದ ನೀರು ಸ್ಯಾಂಡಿನಲ್ಲಾ ಹಳ್ಳದ ಮೂಲಕ ಕಾಮರಾಜ ಸಾಗರ ಜಲಾಶಯವನ್ನು ಸೇರುತ್ತದೆ. ಊಟಿ-ಗೂಡಲೂರು ಹೆದ್ದಾರಿಯಲ್ಲಿ ಸಾಗುವವರಿಗೆ ರಸ್ತೆಯಿಂದಲೇ ಕಾಣುವ ಜಲಾಶಯವಿದು. ಅಲ್ಲಿಂದ ಕೆಳಗೆ ಹಳ್ಳವು ಕಲ್ಹಟ್ಟಿಯ ಬಳಿ ಜಲಪಾತವಾಗಿ ಧುಮುಕಿ, ಸೀಗೂರು ಹೊಳೆಯೆನಿಸಿಕೊಂಡು ಮಸಿನಗುಡಿಯ ಸುತ್ತಲಿನ ಒಣ ಕಾಡನ್ನು ಹಾದು ಮೋಯಾರ್ ನದಿಗೆ ಸೇರುತ್ತದೆ. ಮೋಯಾರ್ ನದಿಯ ಆಳವಾದ ಕಂದರವೇ ತಮಿಳುನಾಡಿನ ಮುದುಮಲೆ ಮತ್ತು ಕರ್ನಾಟಕದ ಬಂಡೀಪುರ ಅಭಯಾರಣ್ಯಗಳ ನಡುವಿನ ಗಡಿ. ಮುಂದೆ ಈ ನದಿ ಭವಾನಿಸಾಗರದಲ್ಲಿ ಭವಾನಿಯೊಡನೆ ಕೂಡಿ, ಕೊನೆಗೆ ಕಾವೇರಿಯನ್ನು ಸೇರುತ್ತದೆ.

ಸೀಗೂರು ಪ್ರಸ್ಥಭೂಮಿಯು ಪಶ್ಚಿಮಘಟ್ಟ ಮತ್ತು ಪೂರ್ವಘಟ್ಟಗಳ ಕಾಡುಗಳನ್ನು ಜೋಡಿಸುವ ಆನೆಗಳ ಹಾದಿ. ಇಲ್ಲಿನ ಆನೆ ಕಾರಿಡಾರ್ ಅಧಿಸೂಚನೆಯನ್ನು ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್ 14ರಂದು ಎತ್ತಿಹಿಡಿಯಿತು. ಆ ಹಾದಿಯಲ್ಲಿದ್ದ ರೆಸಾರ್ಟುಗಳ ಭವಿಷ್ಯವೂ ಆ ತೀರ್ಪಿನೊಂದಿಗೆ ನಿರ್ಧಾರವಾಯಿತು. ಮಳೆ ಕಡಿಮೆ ಬೀಳುವ ಈ ಕಾಡಿನಲ್ಲಿ ಬೇಸಿಗೆಯ ದಿನಗಳಲ್ಲಿ ಆನೆ, ಕಾಟಿ, ಜಿಂಕೆಗಳಿಗೆ ಹೊಳೆಯ ನೀರೇ ಆಧಾರ. ಬೇಸಿಗೆಯೇ ಊಟಿಯಲ್ಲಿ ಜನಸಂದಣಿಯ ಕಾಲವೂ ಹೌದು. ಮೇಲಿನ ಊರು ಕೆರೆಗೆ ಬಿಟ್ಟಿದ್ದು ಕೆಳಗಿನ ಕಾಡಿಗೆ ಸೇರುತ್ತದೆ ಎಂಬ ಮಾತು ಕೇವಲ ಅಲಂಕಾರವಲ್ಲ.

ಮೈಸೂರಿನಿಂದ ಹೋಗುವ ಹಾದಿ

ಬೆಂಗಳೂರಿನಿಂದ ಊಟಿಗೆ ಸುಮಾರು 280 ಕಿ.ಮೀ. ಮೈಸೂರು, ನಂಜನಗೂಡು, ಗುಂಡ್ಲುಪೇಟೆಗಳ ಮೂಲಕ ಬಂಡೀಪುರ ತಲುಪಬೇಕು. ಗುಂಡ್ಲುಪೇಟೆಯಲ್ಲಿ ರಸ್ತೆ ಕವಲೊಡೆಯುತ್ತದೆ. ರಾಷ್ಟ್ರೀಯ ಹೆದ್ದಾರಿ 766 ವಯನಾಡಿನತ್ತ ಸಾಗಿದರೆ, ಹಿಂದೆ 67 ಎಂಬ ಸಂಖ್ಯೆಯಿದ್ದ ಹೆದ್ದಾರಿ 181 ಊಟಿಯತ್ತ ಹೊರಳುತ್ತದೆ. ಕೆಕ್ಕನಹಳ್ಳದ ಬಳಿ ರಾಜ್ಯದ ಗಡಿ ದಾಟಿದೊಡನೆ ಮುದುಮಲೆ ಹುಲಿ ಸಂರಕ್ಷಿತ ಪ್ರದೇಶ ಆರಂಭವಾಗುತ್ತದೆ.

ಮೋಯಾರ್ ದಂಡೆಯ ತೆಪ್ಪಕಾಡಿನಲ್ಲಿ ಅರಣ್ಯ ಇಲಾಖೆಯ ಆನೆ ಶಿಬಿರವಿದೆ. 2023ರಲ್ಲಿ ಆಸ್ಕರ್ ಪ್ರಶಸ್ತಿ ಗಳಿಸಿದ ‘ದಿ ಎಲಿಫೆಂಟ್ ವಿಸ್ಪರರ್ಸ್’ ಸಾಕ್ಷ್ಯಚಿತ್ರದ ಬೊಮ್ಮನ್ ಮತ್ತು ಬೆಳ್ಳಿ ದಂಪತಿ ಆನೆಮರಿಗಳನ್ನು ಸಾಕಿದ್ದು ಇದೇ ಶಿಬಿರದಲ್ಲಿ. ಇಲ್ಲಿಂದ ಊಟಿಗೆ ಎರಡು ದಾರಿಗಳಿವೆ.

ಮೊದಲನೆಯದು ಮಸಿನಗುಡಿ, ಕಲ್ಹಟ್ಟಿ ಘಾಟಿಯ ಮೂಲಕ ಸಾಗುವ ಸುಮಾರು 36 ಕಿ.ಮೀ. ಹಾದಿ. ಇದರಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಏರು ಅತ್ಯಂತ ಕಡಿದಾದುದು. ಇಳಿಯುವಾಗ ಬ್ರೇಕ್ ಕಾಯ್ದು ಹಿಡಿತ ತಪ್ಪಿದ ಅಪಘಾತಗಳು ಇಲ್ಲಿ ಅನೇಕ. 2018ರ ಅಕ್ಟೋಬರ್‌ನಲ್ಲಿ ಚೆನ್ನೈನ ಪ್ರವಾಸಿಗರಿದ್ದ ಕಾರು ಕಂದಕಕ್ಕೆ ಉರುಳಿ ಸಾವುಗಳು ಸಂಭವಿಸಿದ ನಂತರ, ಹೊರಗಿನ ವಾಹನಗಳು ಈ ಘಾಟಿಯಲ್ಲಿ ಇಳಿಯುವುದಕ್ಕೆ ನಿರ್ಬಂಧ ವಿಧಿಸಲಾಯಿತು.

ಎರಡನೆಯದು ಗೂಡಲೂರು, ನಡುವಟ್ಟಂ, ಪೈಕಾರಗಳ ಮೂಲಕ ಸಾಗುವ ಸುಮಾರು 67 ಕಿ.ಮೀ. ಹೆದ್ದಾರಿ. ದೂರ ಹೆಚ್ಚಾದರೂ ಏರು ಸೌಮ್ಯ, ರಸ್ತೆ ಅಗಲ. ಚಹಾ ತೋಟಗಳು, ಪೈಕಾರ ಜಲಾಶಯ, ಪೈನ್ ಮರಗಳ ತೋಪು ಈ ಹಾದಿಯಲ್ಲಿವೆ. ಬೆಟ್ಟದ ರಸ್ತೆಯ ಅಭ್ಯಾಸವಿಲ್ಲದವರು, ತುಂಬಿದ ವಾಹನದಲ್ಲಿ ಹೋಗುವವರು, ಹಿಂದಿರುಗುವವರೆಲ್ಲರೂ ಈ ಹಾದಿಯನ್ನೇ ಹಿಡಿಯುವುದು ಯುಕ್ತ. ಇಳಿಜಾರಿನಲ್ಲಿ ವಾಹನವನ್ನು ಕೆಳಗಿನ ಗೇರಿನಲ್ಲಿಟ್ಟು ಎಂಜಿನ್ ಹಿಡಿತದಿಂದಲೇ ಇಳಿಸಬೇಕು. ಬ್ರೇಕನ್ನು ಒತ್ತಿ ಹಿಡಿದೇ ಇರಬಾರದು. ಏರುವ ವಾಹನಕ್ಕೆ ಮೊದಲು ದಾರಿ ಬಿಡುವುದು ಘಾಟಿ ರಸ್ತೆಯ ನಿಯಮ.

ರಾತ್ರಿ ಸಂಚಾರ ನಿಷೇಧ

ಬಂಡೀಪುರ ಮತ್ತು ಮುದುಮಲೆ ಅರಣ್ಯಗಳೊಳಗಿನ ಈ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗಿನ 6 ಗಂಟೆಯವರೆಗೆ ಸಾಮಾನ್ಯ ವಾಹನಗಳಿಗೆ ಪ್ರವೇಶವಿಲ್ಲ. ವಾಹನಗಳಿಗೆ ಸಿಕ್ಕಿ ವನ್ಯಪ್ರಾಣಿಗಳು ಸಾಯುತ್ತಿದ್ದ ಹಿನ್ನೆಲೆಯಲ್ಲಿ 2009ರಲ್ಲಿ ಜಾರಿಗೆ ಬಂದ ಈ ನಿಷೇಧವನ್ನು 2010ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ವಿವಾದ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರೂ ನಿಷೇಧ ಮುಂದುವರಿದಿದೆ. ಆಂಬುಲೆನ್ಸ್ ಮುಂತಾದ ತುರ್ತು ವಾಹನಗಳಿಗೆ ಮತ್ತು ನಿಗದಿತ ಸಂಖ್ಯೆಯ ಸಾರಿಗೆ ಬಸ್ಸುಗಳಿಗೆ ಮಾತ್ರ ವಿನಾಯಿತಿ ಇದೆ.

ಒಂಬತ್ತಕ್ಕೆ ಮೊದಲು ಗೇಟು ದಾಟಿದರೆ ಸಾಕೆಂದು ಕೊನೆಯ ಗಳಿಗೆಯಲ್ಲಿ ವೇಗವಾಗಿ ಓಡಿಸುವ ಪ್ರವೃತ್ತಿ ಕಂಡುಬರುತ್ತದೆ. ಪ್ರಾಣಿಗಳ ಓಡಾಟ ಹೆಚ್ಚುವುದು ಮುಸ್ಸಂಜೆಯಲ್ಲಿಯೇ. ಆದ್ದರಿಂದ ಕತ್ತಲಾಗುವ ಮುನ್ನ ಕಾಡು ದಾಟುವಂತೆ ಪ್ರಯಾಣವನ್ನು ಯೋಜಿಸಿಕೊಳ್ಳುವುದು ಒಳ್ಳೆಯದು. ಕಾಡಿನೊಳಗೆ ವಾಹನ ನಿಲ್ಲಿಸುವುದು, ಇಳಿದು ಫೋಟೊ ತೆಗೆಯುವುದು, ಮಂಗ ಅಥವಾ ಜಿಂಕೆಗಳಿಗೆ ತಿಂಡಿ ಎಸೆಯುವುದು ದಂಡಾರ್ಹ ಅಪರಾಧ. ಆನೆ ರಸ್ತೆಗೆ ಬಂದಿದ್ದರೆ ಹಾರ್ನ್ ಮಾಡದೆ, ಸಾಕಷ್ಟು ದೂರದಲ್ಲಿ ನಿಂತು, ಅದು ತಾನಾಗಿ ಹೋಗುವವರೆಗೆ ಕಾಯಬೇಕು.

ಚಾಮರಾಜನಗರದಿಂದ ಸತ್ಯಮಂಗಲ, ಮೇಟ್ಟುಪಾಳ್ಯಂ, ಕೂನೂರುಗಳ ಮೂಲಕವೂ ಊಟಿ ತಲುಪಬಹುದು. ಇದು ಬಳಸು ದಾರಿ. ಅಲ್ಲಿನ ದಿಂಬಂ ಘಾಟಿಯಲ್ಲಿಯೂ 2022ರ ಫೆಬ್ರವರಿಯಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಿರುವುದರಿಂದ, ಬಂಡೀಪುರದ ಗೇಟು ಮುಚ್ಚಿದರೆ ಆ ಕಡೆಯಿಂದ ಹೋಗೋಣವೆಂಬ ಲೆಕ್ಕಾಚಾರ ಫಲಿಸದು.

ಇ-ಪಾಸ್ ಏಕೆ, ಹೇಗೆ?

ಬೇಸಿಗೆಯಲ್ಲಿ ದಿನಕ್ಕೆ 20 ಸಾವಿರಕ್ಕೂ ಹೆಚ್ಚು ವಾಹನಗಳು ನೀಲಗಿರಿ ಏರುತ್ತವೆಂಬ ಮಾಹಿತಿ ಮದ್ರಾಸ್ ಹೈಕೋರ್ಟಿನ ಮುಂದೆ ಬಂತು. ಇಷ್ಟು ವಾಹನಗಳನ್ನು ಬೆಟ್ಟದ ಕಿರಿದಾದ ರಸ್ತೆಗಳು ತಾಳಲಾರವು ಎಂದು ಪರಿಗಣಿಸಿದ ನ್ಯಾಯಾಲಯವು, ಊಟಿ ಮತ್ತು ಕೊಡೈಕೆನಾಲ್‌ಗಳಿಗೆ ಬರುವ ವಾಹನಗಳು ಇ-ಪಾಸ್ ಪಡೆಯುವುದನ್ನು 2024ರ ಮೇ 7ರಿಂದ ಕಡ್ಡಾಯಗೊಳಿಸಿತು. ಮೊದಲು ಜೂನ್ ಅಂತ್ಯದವರೆಗೆಂದು ಹೇಳಿದ್ದ ಈ ವ್ಯವಸ್ಥೆ ಬಳಿಕ ವಿಸ್ತರಣೆಗೊಂಡಿತು. 2025ರ ಏಪ್ರಿಲ್ 1ರಿಂದ ಬೇಸಿಗೆಯ ಅವಧಿಗೆ ಮಿತಿಯನ್ನೂ ಹೇರಲಾಯಿತು. ಊಟಿಗೆ ವಾರದ ದಿನಗಳಲ್ಲಿ 6,000 ಹಾಗೂ ವಾರಾಂತ್ಯದಲ್ಲಿ 8,000 ವಾಹನಗಳಿಗೆ ಮಾತ್ರ ಪಾಸ್ ನೀಡಬೇಕೆಂಬುದು ಆಗಿನ ಆದೇಶ. ಈ ಬೆಟ್ಟಗಳು ಎಷ್ಟು ವಾಹನಗಳನ್ನು ತಾಳಬಲ್ಲವೆಂಬುದರ ಅಧ್ಯಯನವನ್ನು ಮದ್ರಾಸಿನ ಐಐಟಿ ಮತ್ತು ಬೆಂಗಳೂರಿನ ಐಐಎಂ ಸಂಸ್ಥೆಗಳಿಗೆ ವಹಿಸಲಾಯಿತು.

ಪಾಸ್ ಉಚಿತ. ತಮಿಳುನಾಡು ಸರ್ಕಾರದ ಅಂತರಜಾಲ ತಾಣದಲ್ಲಿ ವಾಹನದ ನೋಂದಣಿ ಸಂಖ್ಯೆ, ಪ್ರಯಾಣಿಕರ ಸಂಖ್ಯೆ, ಬರುವ ದಿನಾಂಕ, ತಂಗುವ ಸ್ಥಳ ಮೊದಲಾದ ವಿವರ ತುಂಬಿದರೆ ದೊರೆಯುತ್ತದೆ. ಸರ್ಕಾರಿ ಬಸ್ಸು ಮತ್ತು ರೈಲುಗಳಲ್ಲಿ ಬರುವವರಿಗೆ ಪಾಸ್ ಬೇಕಿಲ್ಲ. ಮಿತಿಯ ಸಂಖ್ಯೆ, ಅವಧಿ ಮತ್ತು ನಿಯಮಗಳು ನ್ಯಾಯಾಲಯದ ಆದೇಶಗಳಿಗೆ ಅನುಗುಣವಾಗಿ ಬದಲಾಗುವಂಥವು. ಆದಕಾರಣ ಕೊಠಡಿ ಕಾಯ್ದಿರಿಸುವ ಮೊದಲೇ ತಾಣವನ್ನು ಪರಿಶೀಲಿಸಿ ಪಾಸ್ ಪಡೆದುಕೊಳ್ಳಬೇಕು. ಗಡಿಯ ಚೆಕ್‌ಪೋಸ್ಟಿನಲ್ಲಿ ನಿಂತು ಮೊಬೈಲಿನಲ್ಲಿ ಅರ್ಜಿ ತುಂಬಲು ಹೊರಟರೆ ಕಾಡಿನಲ್ಲಿ ಸಂಪರ್ಕ ದೊರೆಯುವ ಭರವಸೆಯಿಲ್ಲ. ಇದೇ ಚೆಕ್‌ಪೋಸ್ಟಿನಲ್ಲಿ ಹಸಿರು ತೆರಿಗೆಯನ್ನೂ ವಸೂಲು ಮಾಡಲಾಗುತ್ತದೆ.

ಪ್ಲಾಸ್ಟಿಕ್ ತಪಾಸಣೆ

ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳನ್ನು ನಿಯಂತ್ರಿಸುವಲ್ಲಿ ನೀಲಗಿರಿ ಜಿಲ್ಲೆ ದೇಶದಲ್ಲಿಯೇ ಮುಂಚೂಣಿಯಲ್ಲಿದೆ. ಸಣ್ಣ ನೀರಿನ ಬಾಟಲಿಗಳನ್ನೂ 2019ರಲ್ಲಿ ನಿಷೇಧದ ಪಟ್ಟಿಗೆ ಸೇರಿಸಲಾಯಿತು. ಗಡಿಯಲ್ಲಿ ವಾಹನ ತಪಾಸಣೆ ನಡೆಸಿ ಇಂಥ ಬಾಟಲಿ, ಚೀಲ, ಲೋಟಗಳನ್ನು ವಶಪಡಿಸಿಕೊಂಡು ದಂಡ ವಿಧಿಸುವುದುಂಟು. ಅನೇಕ ಪ್ರವಾಸಿ ಸ್ಥಳಗಳಲ್ಲಿ ಕುಡಿಯುವ ನೀರಿನ ಯಂತ್ರಗಳನ್ನು ಅಳವಡಿಸಲಾಗಿದೆ. ಮನೆಯಿಂದಲೇ ಸ್ಟೀಲ್ ಬಾಟಲಿಯಲ್ಲಿ ನೀರು, ಡಬ್ಬಿಯಲ್ಲಿ ಬುತ್ತಿ ಒಯ್ಯುವುದು ಸರಳವಾದ ಪರಿಹಾರ. ಬೆಟ್ಟದ ಇಳಿಜಾರಿನಲ್ಲಿ ಎಸೆದ ಕಸ ಮಳೆಗೆ ಕೊಚ್ಚಿಕೊಂಡು ಮೊದಲು ಕಾಲುವೆಗೆ, ನಂತರ ಕೆರೆಗೆ, ಆಮೇಲೆ ಕಾಡಿನ ಹೊಳೆಗೆ ಇಳಿಯುತ್ತದೆ.

ಕೆರೆಯ ದಂಡೆಯಲ್ಲಿ

ಕೆರೆಯ ದೋಣಿ ವಿಹಾರ ಕೇಂದ್ರವನ್ನು ತಮಿಳುನಾಡು ಪ್ರವಾಸೋದ್ಯಮ ಅಭಿವೃದ್ಧಿ ನಿಗಮವು ನಡೆಸುತ್ತದೆ. ಕಾಲಿನಿಂದ ತುಳಿಯುವ ಪೆಡಲ್ ದೋಣಿ, ಹುಟ್ಟು ಹಾಕುವ ದೋಣಿ, ಯಂತ್ರಚಾಲಿತ ದೋಣಿಗಳು ಬಾಡಿಗೆಗೆ ದೊರೆಯುತ್ತವೆ. ರಕ್ಷಣಾ ಅಂಗಿ ಧರಿಸದೆ ದೋಣಿ ಏರಬಾರದು. ಮೇ ತಿಂಗಳ ಮಧ್ಯಾಹ್ನಗಳಲ್ಲಿ ಟಿಕೆಟ್ ಸರತಿ ಉದ್ದವಾಗಿರುತ್ತದೆ. ಬೆಳಗ್ಗೆ ಕೇಂದ್ರ ತೆರೆದ ಕೂಡಲೇ ಹೋದರೆ ಗಾಳಿಯೂ ಕಡಿಮೆ, ಜನರೂ ಕಡಿಮೆ. ದೋಣಿ ಬೇಡವೆನ್ನುವವರು ಕೆರೆಯ ಸುತ್ತಲಿನ ರಸ್ತೆಯಲ್ಲಿ ನಡೆಯಬಹುದು. ನೀಲಗಿರಿ ಮರಗಳ ನಡುವೆ ಹಾದುಹೋಗುವ ಆ ರಸ್ತೆಯಿಂದ, ಕಾಲುವೆ ಕೆರೆಯನ್ನು ಸೇರುವ ಜಾಗವೂ, ಏರಿಯ ಭಾಗವೂ ಕಾಣಸಿಗುತ್ತವೆ. ಕೆರೆಯ ನಿಜಸ್ಥಿತಿ ಅರಿಯಬೇಕೆಂದರೆ ದೋಣಿಗಿಂತ ಈ ನಡಿಗೆಯೇ ಉತ್ತಮ.

ರೈಲು ನಿಲ್ದಾಣ ಕೆರೆಗೆ ಸಮೀಪದಲ್ಲಿದೆ. ಮೇಟ್ಟುಪಾಳ್ಯದಿಂದ ಊಟಿಗೆ 46 ಕಿ.ಮೀ. ಸಾಗುವ ನೀಲಗಿರಿ ಪರ್ವತ ರೈಲು 1899ರಲ್ಲಿ ಕೂನೂರಿನವರೆಗೆ, 1908ರಲ್ಲಿ ಊಟಿಯವರೆಗೆ ತಲುಪಿತು. ಕಲ್ಲಾರ್‌ನಿಂದ ಕೂನೂರಿನವರೆಗಿನ ಕಡಿದಾದ ಏರಿನಲ್ಲಿ, ಹಳಿಗಳ ನಡುವಿನ ಹಲ್ಲುಪಟ್ಟಿಗೆ ಎಂಜಿನ್ನಿನ ಹಲ್ಲುಚಕ್ರ ಸಿಲುಕಿ ರೈಲನ್ನು ಮೇಲಕ್ಕೆ ಒಯ್ಯುತ್ತದೆ. ಅಲ್ಲಿ ಹನ್ನೆರಡು ಅಡಿ ಮುಂದೆ ಸಾಗಿದರೆ ಒಂದು ಅಡಿ ಮೇಲೇರುವಷ್ಟು ಏರು. 2005ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪಾರಂಪರಿಕ ತಾಣಗಳ ಪಟ್ಟಿಗೆ ಸೇರಿಸಿತು. ಪೂರ್ಣ ಪ್ರಯಾಣಕ್ಕೆ ಸಮಯವಿಲ್ಲದವರು ಊಟಿಯಿಂದ ಕೂನೂರಿನವರೆಗೆ ಹೋಗಿ ಬರಬಹುದು. ಆ ಅವಧಿಯಲ್ಲಿ ವಾಹನವೂ ಒಂದೆಡೆ ನಿಂತಿರುತ್ತದೆ, ಊರಿನ ಸಂದಣಿಯೂ ಅಷ್ಟು ಕಡಿಮೆಯಾಗುತ್ತದೆ. ಟಿಕೆಟನ್ನು ಮುಂಚಿತವಾಗಿ ಕಾಯ್ದಿರಿಸುವುದು ಅಗತ್ಯ.

ಇತರ ನೋಡತಕ್ಕ ಸ್ಥಳಗಳು

ಸರ್ಕಾರಿ ಸಸ್ಯೋದ್ಯಾನ: 1848ರಲ್ಲಿ ಸ್ಥಾಪಿತವಾದ, ವಿಲಿಯಂ ಗ್ರಹಾಂ ಮೆಕ್‌ಐವರ್ ರೂಪಿಸಿದ ಈ ಉದ್ಯಾನ 22 ಹೆಕ್ಟೇರ್ ವಿಸ್ತಾರವಾಗಿದೆ. ಸುಮಾರು 2 ಕೋಟಿ ವರ್ಷ ಹಳೆಯದೆನ್ನಲಾದ ಪಳೆಯುಳಿಕೆಯ ಮರದ ಕಾಂಡ ಇಲ್ಲಿನ ಆಕರ್ಷಣೆ. ಪ್ರತಿವರ್ಷ ಮೇ ತಿಂಗಳಲ್ಲಿ ಫಲಪುಷ್ಪ ಪ್ರದರ್ಶನ ಏರ್ಪಡುತ್ತದೆ. ಉದ್ಯಾನದ ಮೇಲ್ಭಾಗದಲ್ಲಿ ತೊದವರ ಮಂದು ಒಂದಿದೆ. ಅದು ಪ್ರದರ್ಶನದ ವಸ್ತುವಲ್ಲ, ಜನರು ಬಾಳುತ್ತಿರುವ ಜಾಗ ಎಂಬ ಅರಿವು ಭೇಟಿ ನೀಡುವವರಲ್ಲಿ ಇರಬೇಕು.

ಗುಲಾಬಿ ಉದ್ಯಾನ: 1995ರಲ್ಲಿ, ಫಲಪುಷ್ಪ ಪ್ರದರ್ಶನದ ಶತಮಾನೋತ್ಸವದ ನೆನಪಿಗೆ ಆರಂಭವಾಯಿತು. ಸಾವಿರಾರು ತಳಿಗಳ ಈ ಸಂಗ್ರಹಕ್ಕೆ 2006ರಲ್ಲಿ ವಿಶ್ವ ಗುಲಾಬಿ ಸಂಘಗಳ ಒಕ್ಕೂಟದ ಮನ್ನಣೆ ದೊರೆಯಿತು.

ದೊಡ್ಡಬೆಟ್ಟ: 2,637 ಮೀಟರ್ ಎತ್ತರದ ಇದು ನೀಲಗಿರಿಯ ಅತ್ಯುನ್ನತ ಶಿಖರ. ಮೋಡ ಕವಿಯುವ ಮುನ್ನ, ಬೆಳಗಿನ ಹೊತ್ತು ಹೋಗುವುದು ಲೇಸು.

ರೇಡಿಯೊ ದೂರದರ್ಶಕ: ಊಟಿ ಸಮೀಪದ ಮುತ್ತೊರೆಯಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ 530 ಮೀಟರ್ ಉದ್ದದ ದೂರದರ್ಶಕವಿದೆ. 1970ರಿಂದ ಕಾರ್ಯನಿರತವಾಗಿರುವ ಇದನ್ನು, ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿರುವಂತೆ ಬೆಟ್ಟದ ಇಳಿಜಾರಿನಲ್ಲಿಯೇ ನಿರ್ಮಿಸಲಾಗಿದೆ.

ಕೊಳ್ಳುವವರಿಗೆ ನೀಲಗಿರಿ ಚಹಾ, ಪದರ ಪದರವಾಗಿ ಉದುರುವ ಊಟಿ ವರ್ಕಿ, ಮನೆಗಳಲ್ಲಿ ತಯಾರಿಸಿದ ಚಾಕೊಲೇಟ್ ಮತ್ತು ಕ್ಯಾರೆಟ್ ಇಲ್ಲಿನ ವಿಶೇಷ. ಬಿಳಿ ಬಟ್ಟೆಯ ಮೇಲೆ ಕೆಂಪು ಹಾಗೂ ಕಪ್ಪು ನೂಲಿನಿಂದ ತೊದವ ಮಹಿಳೆಯರು ಹಾಕುವ ಕಸೂತಿಗೆ 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ.

ಕನ್ನಡದ ನಂಟು

ನೀಲಗಿರಿಯ ಪ್ರಮುಖ ಸಮುದಾಯವಾದ ಬಡಗರ ಹೆಸರಿಗೆ ಬಡಗಣ ದಿಕ್ಕಿನಿಂದ ಬಂದವರು ಎಂಬ ಅರ್ಥವಿದೆ. ವಿಜಯನಗರದ ಪತನದ ನಂತರದ ಕಾಲದಲ್ಲಿ ಮೈಸೂರು ಸೀಮೆಯಿಂದ ವಲಸೆ ಬಂದವರ ಸಂತತಿ ಇವರೆಂಬುದು ವಿದ್ವಾಂಸರಲ್ಲಿ ಪ್ರಚಲಿತವಾದ ಅಭಿಪ್ರಾಯ. ಅವರಾಡುವ ಬಡಗ ನುಡಿ ಕನ್ನಡಕ್ಕೆ ಅತಿ ಸಮೀಪವಾದುದು. ಅದನ್ನು ಕನ್ನಡದ ಉಪಭಾಷೆಯೆಂದು ಕರೆದವರಿದ್ದಾರೆ, ಸ್ವತಂತ್ರ ಭಾಷೆಯೆಂದು ಪ್ರತಿಪಾದಿಸುವವರೂ ಇದ್ದಾರೆ. ದೊಡ್ಡಬೆಟ್ಟ, ಕಲ್ಹಟ್ಟಿ ಮೊದಲಾದ ಸ್ಥಳನಾಮಗಳು ಕನ್ನಡಿಗರ ಕಿವಿಗೆ ಅನ್ಯವೆನಿಸುವುದಿಲ್ಲ. ಬಡಗರ ಊರುಗಳಿಗೆ ಹಟ್ಟಿ ಎಂದೇ ಹೆಸರು. ಅವರ ಕುಲದೇವತೆ ಹೆತ್ತೆಯ ಹಬ್ಬ ಚಳಿಗಾಲದಲ್ಲಿ ನಡೆಯುತ್ತದೆ.

ಮೈಸೂರು ಅರಸರ ಬೇಸಿಗೆ ಅರಮನೆ ಇದ್ದದ್ದು ಊಟಿಯ ಫರ್ನ್‌ಹಿಲ್ ಪ್ರದೇಶದಲ್ಲಿ. ಅಲ್ಲಿಯೇ ಕರ್ನಾಟಕ ತೋಟಗಾರಿಕೆ ಇಲಾಖೆಗೆ ಸೇರಿದ 38 ಎಕರೆಯ ಉದ್ಯಾನವಿದೆ. ಕರ್ನಾಟಕ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಸುದರ್ಶನ ಹೋಟೆಲ್ ಕೂಡ ಊಟಿಯಲ್ಲಿದೆ.

ಯಾವ ಕಾಲ ಸೂಕ್ತ?

ಏಪ್ರಿಲ್, ಮೇ ತಿಂಗಳುಗಳಲ್ಲಿ ಹವೆ ಹಿತಕರವಾದರೂ ಸಂದಣಿ ವಿಪರೀತ. ನೈಋತ್ಯ ಮುಂಗಾರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಈಶಾನ್ಯ ಮಾರುತ ಅಕ್ಟೋಬರ್, ನವೆಂಬರ್‌ಗಳಲ್ಲಿ ಮಳೆ ತರುತ್ತವೆ. ಭಾರಿ ಮಳೆಯಲ್ಲಿ ಭೂಕುಸಿತದ ಅಪಾಯವಿದೆ. 2009ರ ನವೆಂಬರ್‌ನಲ್ಲಿ ಜಿಲ್ಲೆಯಾದ್ಯಂತ ಸಂಭವಿಸಿದ ಕುಸಿತಗಳಲ್ಲಿ ಹಲವಾರು ಜನ ಮೃತಪಟ್ಟರು. 2019ರ ಆಗಸ್ಟ್‌ನಲ್ಲಿ ಊಟಿ ಸಮೀಪದ ಅವಲಾಂಚಿಯಲ್ಲಿ ಒಂದೇ ದಿನ 800 ಮಿ.ಮೀ.ಗೂ ಅಧಿಕ ಮಳೆ ದಾಖಲಾಯಿತು. ಹವಾಮಾನ ಇಲಾಖೆ ಕೆಂಪು ಎಚ್ಚರಿಕೆ ನೀಡಿದ ದಿನಗಳಲ್ಲಿ ಪ್ರಯಾಣ ಮುಂದೂಡುವುದೇ ವಿವೇಕ. ಡಿಸೆಂಬರ್, ಜನವರಿಗಳಲ್ಲಿ ಬೆಳಗಿನ ಜಾವ ಹುಲ್ಲಿನ ಮೇಲೆ ಹಿಮದ ಹರಳು ಕಟ್ಟುವುದುಂಟು. ಉಣ್ಣೆಯ ಉಡುಪು ಅಗತ್ಯ. ಜನಸಂದಣಿ ಬೇಡವೆನ್ನುವವರಿಗೆ ಜನವರಿಯಿಂದ ಮಾರ್ಚ್‌ವರೆಗಿನ ವಾರದ ದಿನಗಳು ಅನುಕೂಲ.

ಒಂದು ದಿನದ ಲೆಕ್ಕ

ಮೈಸೂರಿನಿಂದ ಒಂದೇ ದಿನದಲ್ಲಿ ಹೋಗಿ ಬರುವವರು ಬೆಳಗಿನ 6 ಗಂಟೆಗೆ ಬಂಡೀಪುರದ ಗೇಟಿನ ಬಳಿ ಇರಬೇಕು. ಮೈಸೂರಿನಿಂದ ಅಲ್ಲಿಗೆ ಸುಮಾರು 80 ಕಿ.ಮೀ. ಗೂಡಲೂರು ಮಾರ್ಗವಾಗಿ ಸಾವಧಾನವಾಗಿ ಸಾಗಿದರೆ 10 ಗಂಟೆಯ ಸುಮಾರಿಗೆ ಊಟಿ. ಹಿಂದಿರುಗುವಾಗ ಮಧ್ಯಾಹ್ನ 3 ಗಂಟೆಗೇ ಹೊರಟರೆ ಕತ್ತಲಿಗೆ ಮುನ್ನ ಕಾಡು ದಾಟಬಹುದು. ಕೈಯಲ್ಲಿ ಉಳಿಯುವುದು ಐದು ಗಂಟೆ ಮಾತ್ರ. ಅಷ್ಟರಲ್ಲಿ ಕೆರೆ ಮತ್ತು ಸಸ್ಯೋದ್ಯಾನ, ಇಲ್ಲವೇ ಕೆರೆ ಮತ್ತು ದೊಡ್ಡಬೆಟ್ಟ, ಹೀಗೆ ಎರಡನ್ನಷ್ಟೇ ಆರಿಸಿಕೊಳ್ಳಬೇಕು. ಎಲ್ಲವನ್ನೂ ನೋಡುವ ಆತುರದಲ್ಲಿ ಘಾಟಿಯನ್ನು ವೇಗವಾಗಿ ಇಳಿಯುವುದಕ್ಕಿಂತ ಒಂದು ರಾತ್ರಿ ತಂಗುವುದು ಮೇಲು. ತಂಗುವವರು ವಾಹನವನ್ನು ವಸತಿಗೃಹದಲ್ಲಿಯೇ ಬಿಟ್ಟು ಸ್ಥಳೀಯ ಬಸ್ಸು, ಆಟೊಗಳನ್ನು ಬಳಸಿದರೆ ನಿಲುಗಡೆಯ ಚಿಂತೆ ತಪ್ಪುತ್ತದೆ.

ಹಿಂದಿರುಗುವ ದಾರಿಯಲ್ಲಿ ಮೊದಲು ಕಾಮರಾಜ ಸಾಗರ, ಕೊನೆಗೆ ತೆಪ್ಪಕಾಡಿನ ಸೇತುವೆಯ ಕೆಳಗೆ ಮೋಯಾರ್ ಕಾಣುತ್ತದೆ. ಊಟಿಯ ಕೆರೆಯ ನೀರು ಬೇರೊಂದು ಕಣಿವೆಯಿಂದ ಇಳಿದು, ಇನ್ನಷ್ಟು ಕೆಳಗೆ ಈ ನದಿಯನ್ನೇ ಕೂಡುತ್ತದೆ. ಸಲಿವನ್ ಕಟ್ಟಿಸಿದ ಕೆರೆಗೆ 2025ಕ್ಕೆ ಇನ್ನೂರು ವರ್ಷ ತುಂಬಿತು. ಅದರ ನೀರನ್ನು ಶುದ್ಧವಾಗಿಡುವ ಹೊಣೆ ಮೊದಲಿಗೆ ಅಲ್ಲಿನ ಆಡಳಿತದ್ದು. ಆದರೆ ಒಂದು ಹಗಲಿನ ಮಟ್ಟಿಗೆ ಆ ಊರಿನ ಅತಿಥಿಗಳಾಗುವ ನಮ್ಮ ಪಾಲೂ ಅದರಲ್ಲಿದೆ.

ಒಂದು ನೋಟದಲ್ಲಿ

ಎತ್ತರ: ಸುಮಾರು 2,240 ಮೀಟರ್
ಕೆರೆಯ ನಿರ್ಮಾಣ: 1823-25
ಈಗಿನ ವಿಸ್ತೀರ್ಣ: ಸುಮಾರು 65 ಎಕರೆ
ಬೆಂಗಳೂರಿನಿಂದ: ಸುಮಾರು 280 ಕಿ.ಮೀ.
ತೆಪ್ಪಕಾಡಿನಿಂದ: ಕಲ್ಹಟ್ಟಿ ಮಾರ್ಗ 36 ಕಿ.ಮೀ., ಗೂಡಲೂರು ಮಾರ್ಗ 67 ಕಿ.ಮೀ.
ಕಾಡಿನ ರಸ್ತೆ ಮುಚ್ಚುವ ಅವಧಿ: ರಾತ್ರಿ 9ರಿಂದ ಬೆಳಗಿನ 6
ಹೊರಡುವ ಮುನ್ನ: ಇ-ಪಾಸ್, ವಾಹನದ ದಾಖಲೆ, ಬ್ರೇಕ್ ತಪಾಸಣೆ, ಸ್ಟೀಲ್ ನೀರಿನ ಬಾಟಲಿ, ಬೆಚ್ಚನೆಯ ಉಡುಪು